ಇಲ್ಲದವನ ಒಳ್ಳೆಯ ನಡತೆ

ರೊಸಲಿನ್‌ಳ ಗಂಡನಿಗೆ ಎರಡು ಹೆಸರು. ಜ್ಞಾನಸ್ನಾನದ ದಿನ ಪಾದ್ರಿಗಳು ಅಲೆಕ್ಸಾಂಡರ್ ಸೆಡ್ರಿಕ್ ಎಂದು ಒಂದೇ ಉಸಿರಿನಲ್ಲಿ ಇಟ್ಟಿದ್ದರು. ಅದನ್ನು ಎರಡು ಹೋಳು ಮಾಡಿದ್ದು ಬದುಕು. ಅಲೆಕ್ಸಾಂಡರ್ ಎಂಬವನು ದುಬೈಯಲ್ಲಿ ಜೈಲು ಕಂಡು ಗಡಿಪಾರಾದವನು. ಸೆಡ್ರಿಕ್ ಎಂಬವನು ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಔಷಧದ ಸ್ಟೋರ್ ನೋಡಿಕೊಳ್ಳುವವನು, ಇರುವೆಗೂ ದಾರಿ ಬಿಟ್ಟು ನಡೆಯುವವನು. ಅಜ್ಜಿಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಣಿಯೊಳಗೆ ಇರುತ್ತದಂತೆ. ಈ ಸಾಧುವಿನ ಜೀವ ಇದ್ದದ್ದು ಆ ಇಬ್ಬರೂ ಒಬ್ಬನೇ ಎಂದು ಯಾರಿಗೂ ತಿಳಿಯದೆ ಇರುವುದರಲ್ಲಿ.

ಮಾಡಿದ ಪಾಪವಾದರೂ ಎಂಥದ್ದು? ತೊಂಬತ್ತೊಂದರ ಕ್ರಿಸ್ಮಸ್. ಮದುವೆಯಾಗಿ ದುಬೈಗೆ ಬಂದ ರೊಸಲಿನ್‌ಗೆ ಅದು ಮೊದಲ ಹಬ್ಬ. ಅವಳ ತವರಿನಲ್ಲಿ ಹಬ್ಬಕ್ಕೆ ತಿಂಗಳುಗಳ ಮೊದಲೇ ಕಪ್ಪು ದ್ರಾಕ್ಷಿಯನ್ನು ಸಕ್ಕರೆ, ಗೋಧಿಯೊಂದಿಗೆ ಭರಣಿಗೆ ಹಾಕಿ ಬಾಯಿ ಕಟ್ಟಿಡುತ್ತಿದ್ದರು. ಇಲ್ಲಿಯೂ ಹಾಗೇ ಮಾಡಿದಳು. ಹಬ್ಬದ ಹಿಂದಿನ ದಿನ ನೆವ್ರಿ, ಗುಳಿಯೊ, ಕಿಡಿಯೊ ಎಂಬ ಹಬ್ಬದ ತಿಂಡಿಗಳನ್ನು ಜೋಡಿಸಿದ ಕುಸ್ವಾರಿನ ತಟ್ಟೆಗಳು ಸಿದ್ಧವಾದವು. ಜಾತಿ ಧರ್ಮ ನೋಡದೆ ನೆರೆಮನೆಗಳಿಗೆ ತಟ್ಟೆ ಹೋಗಬೇಕು, ಅದೇ ಹಬ್ಬ. ಎದುರು ಫ್ಲ್ಯಾಟಿನವರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಆದರೂ ಅವರ ತಟ್ಟೆಯ ಮೂಲೆಯಲ್ಲಿ, ಊರಿನಲ್ಲಿ ಇಡುವ ಹಾಗೆಯೇ, ವೈನಿನ ಒಂದು ಪುಟ್ಟ ಬಾಟಲಿ ಇಟ್ಟಳು. ಬಾಗಿಲು ತೆರೆದ ಹಿರಿಯರು ಬಾಟಲಿ ನೋಡಿ ಮುಖ ಕಪ್ಪಿಟ್ಟುಕೊಂಡರು. ಮನೆಯಲ್ಲಿ ಮದ್ಯ ಮಾಡುವುದು ಆ ದೇಶದಲ್ಲಿ ಅಪರಾಧ. ಸಂಜೆಗೆ ಪೊಲೀಸರು ಬಂದರು. ಮಂಚದಡಿಯ ಭರಣಿ ಕಂಡವರಿಗೆ ಇದು ಹಬ್ಬದ ಗುಟುಕು ಎಂದು ಯಾರು ಹೇಳಿ ಒಪ್ಪಿಸುವುದು? ಮಾರುವುದಕ್ಕೆ ಮಾಡಿದ್ದು ಎಂದಾಯಿತು. ರೊಸಲಿನ್ ಬಾಯಿ ತೆರೆಯುವ ಮೊದಲೇ ಗಂಡ, ನನ್ನದು, ನಾನೇ ಮಾಡಿದ್ದು, ಎಂದು ಮುಂದೆ ಬಂದ. ಕೆಲವು ತಿಂಗಳ ಜೈಲು, ಮಸಿ ಬಳಿದ ಹತ್ತು ಬೆರಳ ಗುರುತು, ಆಮೇಲೆ ಬಾಂಬೆಯ ವಿಮಾನ. ಇನ್ನು ಈ ದೇಶಕ್ಕೆ ಕಾಲಿಡಬಾರದು ಎಂಬ ಆಜ್ಞೆ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಬಾಂಬೆಯ ಏಜೆಂಟನೂ ಅದನ್ನೇ ಹೇಳಿದ. ಹೇಗೂ ಎರಡು ಹೆಸರುಂಟು, ಎರಡನೆಯದರಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿದರಾಯಿತು, ಎಲ್ಲರೂ ಹೀಗೆಯೇ ವಾಪಸ್ ಹೋಗುತ್ತಾರೆ ಎಂದ. ಅವನ ಮಾತು ಸುಳ್ಳಾಗಿರಲಿಲ್ಲ. ಊರಿನ ಎಷ್ಟೋ ಜನ ಹಾಗೆ ಹೋಗಿದ್ದರು. ಅಷ್ಟರಲ್ಲಿ ರೊಸಲಿನ್‌ಗೆ ಅದೇ ದೇಶದ ಅಬುಧಾಬಿಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಅಲೆಕ್ಸಾಂಡರನನ್ನು ಊರಿನಲ್ಲೇ ಬಿಟ್ಟು ಸೆಡ್ರಿಕ್ ಅವಳ ಹಿಂದೆ ಬಂದ. ನಗರದ ಹೊರಗಿನ ಬನಿಯಾಸ್‌ನಲ್ಲಿ ಮನೆ ಮಾಡಿದರು. ವೆಲಿಟಾ ಹುಟ್ಟಿದಳು, ಶಾಲೆಗೆ ಹೋದಳು, ಹತ್ತನೇ ತರಗತಿಗೆ ಬಂದಳು. ಆ ಮನೆಯಲ್ಲಿ ಮತ್ತೆ ದ್ರಾಕ್ಷಿಯನ್ನು ತಿನ್ನುವುದಕ್ಕೂ ತರಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಹೊಸ ಗುರುತಿನ ಚೀಟಿ ಬಂತು. ಎಲ್ಲರೂ ಹತ್ತು ಬೆರಳನ್ನೂ ಯಂತ್ರದ ಗಾಜಿನ ಮೇಲೆ ಇಡಬೇಕು. ತಿಂಗಳ ಕೊನೆಯೊಳಗೆ ಎಲ್ಲ ನೌಕರರೂ ಹೋಗಿ ಬರಲಿ ಎಂದು ಆಸ್ಪತ್ರೆ ಹೇಳಿತು. ಹೆಸರು ಎರಡಿರಬಹುದು, ಬೆರಳು ಎರಡು ಜೊತೆ ಇರುತ್ತದೆಯೆ? ಒಂದು ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಗಂಡ ಹಿಮ್ಮಡಿ ತಿಕ್ಕುವ ಕಲ್ಲಿಗೆ ಬೆರಳ ತುದಿಗಳನ್ನು ಉಜ್ಜುತ್ತಿದ್ದ. ರೊಸಲಿನ್ ಸದ್ದು ಮಾಡದೆ ಹಿಂದೆ ಸರಿದಳು.

ಹಳೆಯ ಅಪರಾಧವನ್ನು ದಾಖಲೆಯಿಂದ ಅಳಿಸಿ ಹೆಸರು ತೊಳೆದುಕೊಡುವ ದಾರಿ ಕಾನೂನಿನಲ್ಲೇ ಉಂಟು ಎಂದು ಅವಳ ಕಿವಿಗೆ ಬಿದ್ದದ್ದು ಅದೇ ವಾರ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತು. ಶುಕ್ರವಾರ, ದುಬೈಯ ಊದ್ ಮೇಥಾದ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ, ಗಂಡಹೆಂಡತಿ ಥಾಮಸನನ್ನು ಕಂಡರು. ಕಡಬದ ಕಡೆಯ ಥಾಮಸ್ ಒಬ್ಬ ಅರಬ್ ವಕೀಲರ ಬಳಿ ಬಹಳ ಕಾಲದಿಂದ ಇದ್ದವನು, ಇಂಥ ಅರ್ಜಿಗಳನ್ನು ಬರೆದು ಗೆದ್ದವನು. ಇಗರ್ಜಿಯ ಗೋಡೆಯ ನೆರಳಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಕುಸ್ವಾರಿನ ತಟ್ಟೆಯ ಮಾತು ಬಂದಾಗ ಅವನಿಗೆ ನಗು ತಡೆಯಲಾಗಲಿಲ್ಲ.

"ಪುಣ್ಯಕ್ಕೆ ನೀವು ಠಾಣೆಗೂ ಒಂದು ತಟ್ಟೆ ಕಳಿಸಲಿಲ್ಲ ಅಕ್ಕ."

ಆ ನಗುವಿನಿಂದ ರೊಸಲಿನ್‌ಗೆ ಧೈರ್ಯ ಬಂತು. ಥಾಮಸನೂ ಧೈರ್ಯದ ಮಾತನ್ನೇ ಆಡಿದ. ಶಿಕ್ಷೆ ಮುಗಿದು ಇಷ್ಟು ಕಾಲವಾಗಿದೆ, ಸಣ್ಣ ಕೇಸು, ಮೊದಲ ತಪ್ಪು. ಆಮೇಲೆ ಆ ಮನುಷ್ಯ ಒಳ್ಳೆಯ ನಡತೆಯಿಂದ ಬಾಳಿದ್ದಾನೆ ಎಂದು ತೋರಿಸಿಕೊಟ್ಟರೆ ಕೋರ್ಟು ಕೈಬಿಡುವುದಿಲ್ಲ ಎಂದ. ರೊಸಲಿನ್ ತಂದಿದ್ದೆಲ್ಲವನ್ನೂ ಅವನ ಕೈಗಿಟ್ಟಳು. ಆಸ್ಪತ್ರೆಯವರು ಮೆಚ್ಚಿ ಕೊಟ್ಟ ಪತ್ರ, ಇಗರ್ಜಿಯ ಪತ್ರ, ರಕ್ತದಾನದ ಚೀಟಿಗಳು. ಥಾಮಸ್ ನೋಡುತ್ತಾ ಹೋದ. ನಗು ಮೆಲ್ಲನೆ ಇಳಿಯಿತು.

"ಇದೆಲ್ಲ ಸೆಡ್ರಿಕ್ ಹೆಸರಲ್ಲಿ ಉಂಟಲ್ಲ?"

ಇವರೇ ಸೆಡ್ರಿಕ್, ಇವರೇ ಅಲೆಕ್ಸಾಂಡರ್ ಎಂದು ರೊಸಲಿನ್ ಮತ್ತೊಮ್ಮೆ ಬಿಡಿಸಿ ಹೇಳಿದಳು.

"ಅದು ನನಗೆ ಗೊತ್ತಾಯ್ತು ಅಕ್ಕ. ಕೋರ್ಟಿಗೆ ಗೊತ್ತಾಗಬಾರದಲ್ಲ."

"ಇಷ್ಟು ವರ್ಷ ಒಳ್ಳೆಯವರಾಗಿ ಬದುಕಿದ್ದಾರಲ್ಲ ಥಾಮಸಣ್ಣ."

"ಯಾರು?"

ಥಾಮಸ್ ದನಿ ತಗ್ಗಿಸಿದ. ಅರ್ಜಿ ಹಾಕಬೇಕಾದವನು ಅಲೆಕ್ಸಾಂಡರ್. ಆದರೆ ಅವನು ಗಡಿಪಾರಾದ ಮೇಲೆ ಈ ದೇಶದಲ್ಲೇ ಇಲ್ಲ. ಇಲ್ಲದವನು ಎಂಥ ಒಳ್ಳೆಯ ನಡತೆ ತೋರಿಸುವುದು? ಇಲ್ಲೇ ಇದ್ದೆ ಅಂದರೆ ಆಜ್ಞೆ ಮೀರಿ, ಬೇರೆ ಹೆಸರಿನಲ್ಲಿ ಒಳಗೆ ಬಂದದ್ದು ಹೊಸ ಅಪರಾಧ. ಹಳೆಯದಕ್ಕಿಂತ ದೊಡ್ಡದು.

"ಊರಲ್ಲೇ ಕೂತು ಅರ್ಜಿ ಹಾಕಿದ್ದರೆ ಏನಾದರೂ ಮಾಡಬಹುದಿತ್ತು," ಎಂದ ಥಾಮಸ್. "ನೀವು ಕಾಯಲಿಲ್ಲ ಮಾರಾಯ್ರೆ."

ಗಂಡ ಕಾಗದಗಳನ್ನು ಥಾಮಸನ ಕೈಯಿಂದ ತೆಗೆದುಕೊಂಡು ಅಂಚು ಸರಿಮಾಡಿ ಚೀಲಕ್ಕೆ ಹಾಕಿದ. ಖಲಾಸ್ ಅಂತಲೋ ಎಂದು ಕೇಳಿದ. ಥಾಮಸ್ ನೆಲ ನೋಡಿದ. ಬೆರಳು ಕೊಡುವ ಮೊದಲು, ಸೆಡ್ರಿಕ್ ಆಗಿಯೇ, ಕೆಲಸ ಬಿಟ್ಟು ವೀಸಾ ರದ್ದು ಮಾಡಿಸಿ ಹೊರಟುಬಿಡುವುದು ಒಳ್ಳೆಯದು ಎಂದ. ಮತ್ತೆ ಬರುವ ಮಾತು ಮಾತ್ರ ಬೇಡ.

ಬನಿಯಾಸ್‌ಗೆ ಮರಳುವ ದಾರಿಯುದ್ದಕ್ಕೂ ರೊಸಲಿನ್ ಲೆಕ್ಕ ಹಾಕಿದಳು, ಯಾವ ಲೆಕ್ಕವೂ ಕೂಡಲಿಲ್ಲ. ಎಲ್ಲರೂ ಹೊರಡೋಣವೆಂದರೆ ಮಾರ್ಚಿನಲ್ಲಿ ಮಗಳ ಪರೀಕ್ಷೆ. ಇನ್ನು ಮುಂದೆ ಅನ್ನ ಹುಟ್ಟಬೇಕಾದದ್ದು ಅವಳ ಒಬ್ಬಳ ಕೆಲಸದಿಂದಲೇ. ವೆಲಿಟಾಗೆ ಎಲ್ಲ ಹೇಳಿಬಿಡುತ್ತೇನೆ ಎಂದಳು. ಗಂಡ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ.

"ಅವಳು ಹುಟ್ಟಿದ ಚೀಟಿಯಿಂದ ಹಿಡಿದು ಎಲ್ಲದರಲ್ಲೂ ಆ ಹೆಸರೇ ಉಂಟು ರೋಸಿ. ತನ್ನದೂ ಸುಳ್ಳೇ ಅಂತ ಮಗು ಪರೀಕ್ಷೆಗೆ ಕೂರಬೇಕಾ? ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿ. ಸಿಟ್ಟಿನಲ್ಲಿ ಓದಬಹುದು, ಹೆದರಿಕೆಯಲ್ಲಿ ಆಗುವುದಿಲ್ಲ."

ಊರಿನಲ್ಲಿ ಏನೋ ವ್ಯಾಪಾರ ಮಾಡುತ್ತಾನಂತೆ ಎಂದು ಎಲ್ಲರಿಗೂ ಹೇಳಿದ್ದಾಯಿತು. ಆಸ್ಪತ್ರೆಯಲ್ಲಿ ಕೇಕ್ ಕತ್ತರಿಸಿದರು, ಸೆಡ್ರಿಕ್‌ನಂಥವರು ಸಾವಿರಕ್ಕೊಬ್ಬರು ಎಂದು ಹೊಗಳಿದರು. ವೆಲಿಟಾ ಮಾತ್ರ ಅಪ್ಪನೊಡನೆ ಮಾತು ಬಿಟ್ಟಳು. ಪರೀಕ್ಷೆ ಮುಗಿಯುವವರೆಗೆ ಕಾಯಲಾರದ ವ್ಯಾಪಾರ ಯಾವುದು ಎಂದು ಒಮ್ಮೆ ಕೇಳಿದ್ದಳು. ಅವನು ತಡವರಿಸಿದ. ಅವಳು ರೂಮಿನ ಬಾಗಿಲು ಹಾಕಿಕೊಂಡಳು.

ಹೊರಡುವ ದಿನ ವಿಮಾನ ನಿಲ್ದಾಣದವರೆಗೆ ಬಂದವಳು ಕಾರಿನಿಂದ ಇಳಿಯಲೇ ಇಲ್ಲ. ಅವನು ಕಿಟಕಿಯ ಬಳಿ ಬಗ್ಗಿ ನಿಂತ. ಗಾಜು ಇಳಿಯಲಿಲ್ಲ. ಚೆನ್ನಾಗಿ ಓದು ಎಂದು ಗಾಜಿಗೇ ಹೇಳಿದ. ರೊಸಲಿನ್ ಬಾಗಿಲವರೆಗೆ ಹೋಗಿ ಕಳಿಸಿ ಬಂದು ಸ್ಟೇರಿಂಗ್ ಹಿಂದೆ ಕುಳಿತಳು.

ದೊಡ್ಡ ರಸ್ತೆಗೆ ಸೇರಿದ ಮೇಲೆ ವೆಲಿಟಾ ಬಾಯಿ ತೆರೆದಳು. ಶಾಲೆಯಲ್ಲಿ, ಕಟ್ಟಡದಲ್ಲಿ ಜನ ಆಡಿಕೊಳ್ಳುತ್ತಿದ್ದುದು ಅವಳ ಕಿವಿಗೂ ಬಿದ್ದಿತ್ತು.

"ಮಮ್ಮಿ, ಟೆಲ್ ಮಿ ದ ಟ್ರೂತ್. ಪಪ್ಪಾಗೆ ಊರಲ್ಲಿ ಬೇರೆ ಯಾರೋ ಇದ್ದಾರಾ?"

ಇಲ್ಲ ಎನ್ನುವ ಮಾತು ರೊಸಲಿನ್‌ಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಲ್ಲ ಎಂದರೆ, ಮತ್ತೆ ಯಾಕೆ ಹೋದರು ಎಂಬ ಪ್ರಶ್ನೆ ಬರುತ್ತದೆ. ಮಾರ್ಚ್ ಇನ್ನೂ ದೂರವಿತ್ತು. ಅವಳು ರಸ್ತೆಯನ್ನೇ ನೋಡುತ್ತ ಗಾಡಿ ಓಡಿಸಿದಳು. ಮಗಳು, ಐ ನ್ಯೂ ಇಟ್, ಎಂದು ಮೆಲ್ಲಗೆ ಹೇಳಿ, ತಾಯಿಯ ತೊಡೆಯ ಮೇಲೆ ಕೈ ಇಟ್ಟು ಸಂತೈಸತೊಡಗಿದಳು. ರೊಸಲಿನ್ ಆ ಕೈಯನ್ನು ಸರಿಸಲಿಲ್ಲ.