ಚಾದರದ ಇನ್ನೊಂದು ತುದಿ

ಬೆಳಗಿನ ಮೊದಲ ಚಾದರದ ಒಂದು ತುದಿಯನ್ನು ಹಿತ್ತಲ ಕಂಬದ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದೆ. ನೀರು ಇಳಿಯುವ ಹೊತ್ತಿಗೆ ಬಟ್ಟೆ ಸಡಿಲವಾಯಿತು. ಕೊಕ್ಕೆ ಕಿತ್ತಿತೇನೋ ಎಂದು ತಲೆಯೆತ್ತಿದರೆ, ಗುಬ್ಬಿ ಆ ತುದಿಯನ್ನು ಬಿಡಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

ಭೂಕಂಪವಾದ ಮೇಲೆ ಅವಳು ಹಿತ್ತಲಿಗೆ ಕಾಲಿಟ್ಟಿದ್ದು ಅದೇ ಮೊದಲು.

ಗುಬ್ಬಿ ನನ್ನ ಗೆಳತಿಯ ಮಗಳು. ಗೆಳತಿಗೆ ಎಡಗೈಯೇ ಮುಂದು, ಹಾಗಾಗಿ ಊರಿಗೆಲ್ಲ ಅವಳು ಎಡಚಿ. ಕುದುರೆಗಾಡಿಯವರು ತಂಗುವ ವಸತಿಮನೆಯ ಬಟ್ಟೆಗಳನ್ನು ನಾವಿಬ್ಬರೂ ಮದುವೆಗೆ ಮುಂಚಿನಿಂದ ಒಗೆಯುತ್ತಿದ್ದೆವು. ಭೂಕಂಪದ ದಿನ ಒಗೆದ ಬಟ್ಟೆಯ ಗಂಟು ಕೊಡಲು ಹೋದವಳ ಮೇಲೆ ಆ ಮನೆಯ ಮಾಳಿಗೆ ಕುಸಿಯಿತು. ಅವಳನ್ನು ಮಣ್ಣು ಮಾಡುವಾಗ ಗುಬ್ಬಿ ನಮ್ಮ ಮನೆಯಲ್ಲಿ ಜ್ವರದಿಂದ ಮಲಗಿದ್ದಳು. ಎದ್ದ ಮೇಲೂ ಅಮ್ಮನ ಬಗ್ಗೆ ಒಂದು ಮಾತು ಕೇಳಲಿಲ್ಲ. ನಾನಾಗಿ ಬಾಯಿ ತೆರೆದರೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದಳು. "ಬಲವಂತ ಮಾಡ್ಬೇಡ, ತಡಿ. ಅವಳೇ ಕೇಳ್ತಾಳೆ," ಎಂದಿದ್ದರು ನಮ್ಮತ್ತೆ. ಕಾದು ಕಾದು ನನಗೆ ಭಯ ಹತ್ತಿತ್ತು. ಈ ಮಗು ಕೇಳದೆಯೇ ಒಳಗೊಳಗೇ ಒಣಗಿಹೋದರೆ?

"ತಿರುಗ್ಸು ಚಿಕ್ಕಮ್ಮ," ಎಂದಳು ಗುಬ್ಬಿ.

ಇಬ್ಬರೂ ತಿರುಗಿಸಿದೆವು. ಚಾದರ ಹಗ್ಗದಂತೆ ಉರುಳಿತೇ ಹೊರತು ಒಂದು ಹನಿ ಬೀಳಲಿಲ್ಲ.

ಜಗಲಿಯಲ್ಲಿ ಕಾಳು ಆರಿಸುತ್ತಿದ್ದ ಅತ್ತೆ ಕತ್ತೆತ್ತಿದರು. "ಏನ್ರೇ, ಬಟ್ಟೆ ಹಿಂಡ್ತಿದ್ದೀರೋ, ತೊಟ್ಟಿಲು ತೂಗ್ತಿದ್ದೀರೋ?"

"ನಂದು ಸರಿಯಾಗೇ ಇದೆ ಅಜ್ಜಿ. ಚಿಕ್ಕಮ್ಮಂದೇ ಉಲ್ಟಾ."

ಅವಳು ಹೇಳಿದ್ದು ನಿಜ. ಎದುರುಬದುರು ನಿಂತ ಇಬ್ಬರೂ ತಂತಮ್ಮ ಬಲಕ್ಕೆ ತಿರುಗಿಸಿದರೆ ನೀರು ಇಳಿಯುತ್ತದೆ. ಎಡಚಿ ಎಡಕ್ಕೆ ತಿರುಗಿಸುತ್ತಿದ್ದಳು. ಅವಳಿಗೆ ಹೊಂದಿಕೊಂಡು ನಾನೂ ಎಡಕ್ಕೇ ಕಲಿತಿದ್ದೆ. ನನ್ನ ಕೈ ಇನ್ನೂ ಅವಳ ಜೊತೆಯಲ್ಲೇ ಇತ್ತು.

"ನಿಮ್ಮಮ್ಮನ ಜೊತೆ ಹಿಂಡಿ ಹಿಂಡಿ ಹೀಗಾಗಿದೆ ಕಣೇ," ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಗುಬ್ಬಿ ಓಡಲಿಲ್ಲ. ಕಿವಿ ಮುಚ್ಚಿಕೊಳ್ಳಬೇಕಾದರೆ ಚಾದರ ಬಿಡಬೇಕಿತ್ತು. ಒಗೆದ ಬಟ್ಟೆಯನ್ನು ಮಣ್ಣಿಗೆ ಬಿಡುವುದು ಎಡಚಿಯ ಮಗಳಿಂದ ಆಗದ ಕೆಲಸ.

"ಅಮ್ಮ ನಿಂಗೆ ಬೈತಿದ್ಲಾ?"

"ಬೈತಿದ್ಲು. ನಿಂದು ಕೈಯಲ್ಲ ಕಣೇ, ಒನಕೆ ಅಂತಿದ್ಲು."

ಗುಬ್ಬಿಗೆ ಮೂಗಿನಲ್ಲೇ ಸಣ್ಣ ನಗು ಬಂತು. ಆಮೇಲೆ ಕೈ ಬದಲಿಸಿ ಎಡಕ್ಕೆ ತಿರುಗಿಸಿದಳು. ನೀರು ಧಾರೆಯಾಗಿ ಇಳಿದು ಇಬ್ಬರ ಕಾಲೂ ನೆನೆಯಿತು. ಅತ್ತೆ ಕಾಳಿನ ಮೊರ ಕೆಳಗಿಟ್ಟು ನೋಡುತ್ತಿದ್ದರು.

ಚಾದರ ಕೊಡವಿ, ಒಣಹಾಕಲು ಮಡಚತೊಡಗಿದೆವು. ತುದಿ ಸೇರಿಸಲು ಗುಬ್ಬಿ ನನ್ನ ಹತ್ತಿರಕ್ಕೆ ಬಂದಳು, ಬಂದವಳು ಹಿಂದೆ ಸರಿಯಲಿಲ್ಲ. ಕಣ್ಣು ನನ್ನ ಮುಖದಿಂದ ಕದಲಲಿಲ್ಲ. ಕೇಳು ಮಗಳೇ, ಎಂದುಕೊಂಡೆ. ಇಷ್ಟು ದಿನ ಬಿಗಿಹಿಡಿದಿದ್ದ ಉಸಿರು ನನಗೇ ತಿಳಿಯದೆ ಹೊರಬಂದು ಎದೆ ಹಗುರಾಯಿತು.

"ಚಿಕ್ಕಮ್ಮ, ನಮ್ಮಮ್ಮ ಇನ್ನು ಬರೋದೇ ಇಲ್ವಾ?"