ಚಿಕ್ಕಮ್ಮನ ಸೈಕಲ್ ಚೈನು

ಆಸ್ಪತ್ರೆಯ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯವರು ನಮ್ಮನ್ನು ಕರೆತರುತ್ತಿದ್ದ ವ್ಯಾನ್ ನಿಲ್ಲಿಸಿ ಎಲ್ಲರಿಗೂ ಸೈಕಲ್ ಕೊಟ್ಟರು. "ಮೈಗೂ ಒಳ್ಳೇದು, ಜೇಬಿಗೂ ಒಳ್ಳೇದು" ಎಂದರು ಮ್ಯಾನೇಜರು. ಸುಳ್ಳಲ್ಲ. ಮೆಟ್ಟಿಲು ಹತ್ತಿದರೆ ನನಗೀಗ ಏದುಸಿರು ಬರುವುದಿಲ್ಲ. ವ್ಯಾನಿಗೆಂದು ಸಂಬಳದಲ್ಲಿ ಹಿಡಿಯುತ್ತಿದ್ದುದು ಉಳಿದು ಮನೆಗೆ ದಿನಾ ಹಾಲು ಬರುತ್ತಿದೆ.

ಆದರೆ ಅಲ್ಲೇ ನನ್ನ ಜೊತೆ ಕೆಲಸ ಮಾಡುವ ಚಿಕ್ಕಮ್ಮ ಒಂದು ದಿನವೂ ಸೀಟಿನ ಮೇಲೆ ಕೂರಲಿಲ್ಲ. ಡಬ್ಬಿಯನ್ನು ಕ್ಯಾರಿಯರ್‌ಗೆ ಸಿಕ್ಕಿಸಿ, ಹ್ಯಾಂಡಲ್ ಹಿಡಿದು ತಳ್ಳಿಕೊಂಡೇ ಬರುತ್ತಾಳೆ. ಅವಳನ್ನು ಬಿಟ್ಟು ಹೋಗಲು ಮನಸ್ಸಾಗದೆ ನಾನೂ ಇಳಿದು ತಳ್ಳುತ್ತೇನೆ.

"ಏನಕ್ಕಾ, ಸೈಕಲ್‌ಗೆ ನಡೆಯೋದು ಕಲಿಸ್ತಿದ್ದೀರಾ?" ಎಂದು ವಾಚ್‌ಮನ್ ರೇಗಿಸಿದರೆ, "ಹೂಂ ಕಣಪ್ಪ, ಇನ್ನೂ ಚಿಕ್ಕದು. ಕೈ ಬಿಟ್ರೆ ಬಿದ್ದುಬಿಡುತ್ತೆ" ಎನ್ನುತ್ತಾಳೆ.

ಇವತ್ತು ಬೆಳಿಗ್ಗೆ ಸೂಪರ್‌ವೈಸರ್ ಹೇಳಿದರು: ಸಂಜೆ ಗೇಟಿನಲ್ಲಿ ನಿಂತು ನೋಡುತ್ತೇನೆ, ತುಳಿಯದವರು ಸೈಕಲ್ ವಾಪಸ್ ಕೊಡಿ.

"ಕಲಿ ಚಿಕ್ಕಮ್ಮ, ನಾನು ಹಿಂದೆ ಹಿಡ್ಕೋತೀನಿ" ಎಂದೆ.

"ನೀನು ಹುಟ್ಟೋಕೆ ಮುಂಚೇನೇ ಹೊಡ್ದಿದ್ದೀನಿ, ಹೋಗೇ."

ಮಧ್ಯಾಹ್ನ ಒದ್ದೆ ಹಾಸಿಗೆಬಟ್ಟೆ ತುಂಬಿದ ಅವಳ ಟ್ರಾಲಿಯನ್ನು ಯಾರೋ ಎಳೆದುಕೊಂಡು ಹೋದರು. ಬರಿಗೈಯಲ್ಲಿ ಉಳಿದ ಚಿಕ್ಕಮ್ಮ ನಿಂತಲ್ಲೇ ನಿಂತಳು. ಆಮೇಲೆ ಗೋಡೆಗೆ ಅಂಗೈ ಒತ್ತಿ, ಮಡಚಲಾಗದ ಮಂಡಿಯನ್ನು ಎಳೆಯುತ್ತ ಹೊರಟಳು. ಒಳಗೆ ಟ್ರಾಲಿ, ಹೊರಗೆ ಸೈಕಲ್. ನನಗೆ ಆಗ ಗೊತ್ತಾಯಿತು. ಇಸ್ತ್ರಿ ಮೇಜಿನ ಹೆಂಗಸು ಕುಂಟಲು ಶುರು ಮಾಡಿದಾಗ "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಎಂದು ಕಳಿಸಿದ್ದರು. ಮತ್ತೆ ಕರೆಯಲೇ ಇಲ್ಲ.

ಸಂಜೆ ಎಲ್ಲರಿಗಿಂತ ಮೊದಲು ನಾನು ಸೈಕಲ್ ಸ್ಟ್ಯಾಂಡಿಗೆ ಹೋದೆ.

"ಹತ್ತಿ, ನೋಡೋಣ" ಎಂದರು ಗೇಟಿನಲ್ಲಿ ನಿಂತಿದ್ದ ಸೂಪರ್‌ವೈಸರ್. ಚಿಕ್ಕಮ್ಮ ಸೀಟನ್ನೇ ನೋಡುತ್ತ ನಿಂತಳು.

"ಚೈನ್ ಬಿದ್ದಿದೆ ಸಾರ್" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಏನಂತೆ?"

"ಚೈನು... ಬಿದ್ದಿದೆ."

ಅವರು ಬಗ್ಗಿ ನೋಡಿದರು. "ಸರಿ ಮಾಡಿಸ್ಕೊಂಡು ಬನ್ನಿ. ನಾಳೆ ನೋಡ್ತೀನಿ."

ತಿರುವು ದಾಟಿದ ಮೇಲೆ ಚಿಕ್ಕಮ್ಮ ನಿಂತಳು. ಡಬ್ಬಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ನನ್ನ ಕೈ ಎಳೆದುಕೊಂಡು, ಕಪ್ಪು ಗ್ರೀಸ್ ಹತ್ತಿದ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಕಪ್ಪು ಹೋಗಲಿಲ್ಲ.

"ನಾಳೆ ಏನಂತೀಯ?"

"ಗಾಳಿ ಇಳ್ದಿದೆ ಅಂತೀನಿ."

"ನಾಡಿದ್ದು?"

ಅವಳು ಹ್ಯಾಂಡಲ್ ಮೇಲೆ ಭಾರ ಬಿಟ್ಟು ಮತ್ತೆ ನಡೆಯತೊಡಗಿದಳು. ನಾನೂ ತಳ್ಳಿದೆ.