ಕೈಯಾರೆ ಕೊಟ್ಟ ಕಾವು

"ಏನೇ ಮುಂಡೆ, ಮೈಗೆ ಕೊಬ್ಬಾ? ಹಚ್ಚೇ ಬೆಂಕಿನಾ! ಲಾರಿ ನಿಮ್ಮಪ್ಪ ಕಳಿಸ್ತಾನಾ?"

ಮೇಸ್ತ್ರಿ ತಿಮ್ಮರಾಯಪ್ಪ ಬೈಕ್ ನಿಲ್ಲಿಸುತ್ತಲೇ ಶುರುವಿಟ್ಟುಕೊಂಡ. ಜಯನಗರದ ಈ ರಸ್ತೆಗೆ ಕಸದ ಲಾರಿ ಬರುವುದು ಎಂಟು ದಿನಕ್ಕೊಮ್ಮೆ. ಎಲೆ ಉದುರುವುದು ದಿನವೂ. ಅದಕ್ಕೇ ಕಸ ಗುಡಿಸುವ ನಾವು ಆರು ಹೆಂಗಸರು ಗುಡ್ಡೆ ಹಾಕಿ ಅಲ್ಲೇ ಸುಡಬೇಕು. ಮೂರು ವರ್ಷ ಸುಟ್ಟೆ. ಇವತ್ತು ಆಗುವುದಿಲ್ಲ ಅಂದೆ.

ನನ್ನ ಕೂಸು ಭಾಗ್ಯಜ್ಯೋತಿಗೆ ನಾಲ್ಕು ವರ್ಷ. ತಿಲಕ್ ನಗರದ ಕೋಣೆಯಲ್ಲಿ ನೋಡಿಕೊಳ್ಳುವವರಿಲ್ಲ, ಜೊತೆಗೇ ತರುತ್ತೇನೆ. ಅದರ ಎದೆ ಯಾವಾಗಲೂ ಗುಂಯ್‌ಗುಡುತ್ತದೆ. ಕುಂಟೆಬಿಲ್ಲೆಯಲ್ಲಿ ಮೂರನೇ ಮನೆ ದಾಟುವುದರೊಳಗೆ ಕೂತುಬಿಡುತ್ತದೆ, ಓರಗೆಯ ಮಕ್ಕಳು ಆಟಕ್ಕೇ ಸೇರಿಸುವುದಿಲ್ಲ. ಮಲಗಿದರೆ ಉಸಿರು ಕಟ್ಟಿ, ಗೋಡೆಗೊರಗಿ ಕೂತೇ ನಿದ್ದೆ. ಬೇರೆ ಮಕ್ಕಳಿಗೂ ಅಂಟುತ್ತದೆಂದು ಅಂಗನವಾಡಿಯವರೂ ವಾಪಸು ಕಳಿಸಿದರು. ಜೋರಾಗಿ ಅಳಬೇಕೆಂದರೂ ಅದಕ್ಕೆ ಉಸಿರು ಸಾಲದು.

ನಮ್ಮ ಕಡೆ ಎದೆಗೆ ಥಂಡಿ ಹೊಕ್ಕರೆ ಬೆಂಕಿಗೆ ಕಾಸುತ್ತಾರೆ. ನಾನೂ ಅದನ್ನೇ ಮಾಡಿದೆ. ದಿನಾ ಬೆಳಿಗ್ಗೆ ಎಲೆಗೆ ಬೆಂಕಿ ಹಚ್ಚಿ, ಕೂಸಿನ ಅಂಗಿ ಎತ್ತಿ ಅದರ ಮುಂದೆ ಕೂರಿಸುತ್ತಿದ್ದೆ. ಕೆಮ್ಮಿದರೆ ಥಂಡಿ ಬಿಡುತ್ತಿದೆ ಎಂದು ಇನ್ನಷ್ಟು ಹತ್ತಿರ ಸರಿಸುತ್ತಿದ್ದೆ.

ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಮಗೂನ ಹೊಗೆ ಹತ್ರ ಬಿಡ್ತೀರೇನಮ್ಮ?"

"ನಾನೇ ಕುಂದ್ರಸ್ತೀನ್ರಿ. ಕಾವು ಹತ್ತಲಿ ಅಂತ."

"ಅಯ್ಯೋ! ಥಂಡಿ ಅಲ್ಲಮ್ಮ ಇದು, ವೀಸಿಂಗು, ಉಬ್ಬಸ. ಆ ಹೊಗೆನೇ ಎದೆ ಕಟ್ಟಿಸ್ತಿರೋದು."

ಈ ಕೈ ಸೇದಿಹೋಗಬಾರದೇ ಅನ್ನಿಸಿತು.

ಮೇಸ್ತ್ರಿಯ ಕೂಗಾಟಕ್ಕೆ ಎದುರು ಮನೆಯ ಸೇತುರಾಮ ಗೇಟಿಗೆ ಬಂದರು. "ಏನ್ರೀ ಇದು, ವಾಕಿಂಗ್ ಹೋಗೋಕ್ಕೂ ಜಾಗ ಇಲ್ಲ. ಹಚ್ಚಮ್ಮ, ಹತ್ತು ನಿಮಿಷದ ಹೊಗೆ ತಾನೇ? ನಾವು ಕಿಟಕಿ ಹಾಕ್ಕೋತೀವಿ."

"ನನ್ನ ಕೂಸಿನ ಎದಿಗೆ ಕಿಟಕಿ ಇಲ್ರಿ ಸಾಹೇಬ್ರ."

"ಅದನ್ಯಾಕೆ ಇಲ್ಲಿ ತರ್ತೀಯಾ?" ಎಂದವರು ಒಳಗಿನಿಂದ ಬೆಂಕಿಪೊಟ್ಟಣ ತಂದು, ಕೈಗೆ ಕೈ ತಾಗದಂತೆ ಮೇಲಿಂದ ನನ್ನ ಬೊಗಸೆಗೆ ಬಿಟ್ಟರು.

"ಹಚ್ಲಿಲ್ಲಾಂದ್ರೆ ಹಾಜರಿ ಇಲ್ಲ. ನಾಳೆಯಿಂದ ಕೆಲ್ಸಾನೂ ಇಲ್ಲ," ಅಂದ ತಿಮ್ಮರಾಯಪ್ಪ.

ನಾನು ತಳ್ಳುಗಾಡಿಗೆ ಎಲೆ ತುಂಬಿದೆ. ಮೇಸ್ತ್ರಿಯ ಬೈಕ್ ಸೇತುರಾಮರ ಕಾಂಪೌಂಡಿಗೆ ಒರಗಿ, ಅವರ ಕಿಟಕಿಯ ಕೆಳಗೇ ನಿಂತಿತ್ತು. ಅದರ ಮೇಲೆ ಸುರಿದೆ.

"ಏಯ್, ಏಯ್! ತಲೆ ಕೆಟ್ಟಿದ್ಯಾ ನಿಂಗೆ?" ಮೇಸ್ತ್ರಿ ಬೈಕಿನತ್ತ ಓಡಿಬಂದ.

ಇಪ್ಪತ್ತು ವರ್ಷ ಇದೇ ಹೊಗೆ ಕುಡಿದ ಬೈರಮ್ಮ ತನ್ನ ಗಾಡಿ ತಂದು ಸುರಿದಳು. ಹಿಂದೆಯೇ ಉಳಿದ ನಾಲ್ವರೂ ಬಂದರು. ಬೈಕಿನ ಕನ್ನಡಿ ಮಾತ್ರ ಕಾಣುತ್ತಿತ್ತು.

ಬೆಂಕಿಪೊಟ್ಟಣವನ್ನು ಮೇಸ್ತ್ರಿಯ ಅಂಗೈಗೆ ಒತ್ತಿದೆ, ಕೈ ತಾಗಿಸಿಯೇ.

"ಹಚ್ಚಲೇ ಭಾಡ್ಯಾ. ನಿನ್ನ ಕೈಲೇ ಹಚ್ಚು!"

"ಬೇಡ ಬೇಡ, ಇಲ್ಲಿ ಬೇಡ ರೀ!" ಸೇತುರಾಮ ಕಿರುಚಿಕೊಂಡರು. "ಹೊಗೆಯೆಲ್ಲಾ ಮನೆಯೊಳಗೆ ಬರುತ್ತೆ! ಒಳಗೆ ನನ್ನ ಮೊಮ್ಮಗ ಮಲಗಿದಾನೆ!"

ಫುಟ್‌ಪಾತಿನ ಗೋಣಿಚೀಲದ ಮೇಲೆ ಕೂತ ಭಾಗ್ಯಜ್ಯೋತಿಯ ಎದೆ ಗುಂಯ್‌ಗುಡುವುದು ಎಲ್ಲರಿಗೂ ಕೇಳುತ್ತಿತ್ತು. ರಸ್ತೆಯಲ್ಲಿ ಇನ್ನೂ ಎಲೆ ಇತ್ತು.

ಅದನ್ನೂ ತಂದು ಅಲ್ಲೇ ಸುರಿಯಲು ನಾನು ಗಾಡಿ ತಿರುಗಿಸಿದೆ.